ಕೆಂಡದ ಕಾವು ಎಂದವರಿಗೆ

ಗುಳೇದಗುಡ್ಡ, ಕೆಳಪೇಟೆ
ಎರಡನೆಯ ಚೈತ್ರ, ನಲವತ್ತನೆಯ ದಿನ, 2198

ಶಿವಲಿಂಗವ್ವಜ್ಜಿಗೆ, ನಿಮ್ಮ ಏಳನೆಯ ತಲೆಮಾರಿನ ಚೆನ್ನಕ್ಕ ಬರೆಯುವುದು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ನಾವು ಚೈತ್ರವನ್ನು ಎರಡು ಮಾಡಿಕೊಂಡಿದ್ದೇವೆ, ಒಂದೊಂದಕ್ಕೂ ಐವತ್ತು ದಿನ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ಎಡವಿದರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಿಮ್ಮ ಕ್ಷಮೆ ಕೇಳಬೇಕೆಂದು ನನಗೆ ಮೊನ್ನೆಮೊನ್ನೆಯವರೆಗೂ ಅನಿಸಿರಲಿಲ್ಲ. ನಿಮ್ಮನ್ನು ಬೈಯುತ್ತಲೇ ಬೆಳೆದವಳು ನಾನು.

ನಿಮ್ಮ ಒಂದು ಮಾತು ನಮ್ಮ ಮನೆತನದಲ್ಲಿ ಇನ್ನೂ ಉಳಿದಿದೆ. ನಿಮ್ಮ ಮಗಳು ದಾಕ್ಷಾಯಣಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮೂರನೆಯ ದಿನ ಆಸ್ಪತ್ರೆಯಿಂದ ಕೂಸಿನೊಂದಿಗೆ ಮನೆಗೆ ಬಂದಾಗ ನೀವು ಕಿಟಕಿ ಮುಚ್ಚಿ, ಅವಳ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿರಿ. ಐದನೆಯ ದಿನ ಅವಳ ಮೈ ಸುಡತೊಡಗಿತು. ಥರ್ಮಾಮೀಟರ್ ಹಿಡಿದು ಬಂದ ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ನಿಲ್ಲಿಸಿ, “ಹೊರಸಿನ ಬುಡಕ ಕೆಂಡ ಐತಿ. ಮೈ ಬಿಸಿ ಆಗದ ಮತ್ತೇನ್ ತಣ್ಣಗಿರತೈತೇನು?” ಎಂದಿರಿ. ಗರ್ಭಕೋಶದಲ್ಲಿ ಹುಟ್ಟಿದ ನಂಜು ಅಷ್ಟರಲ್ಲಿ ರಕ್ತಕ್ಕೆ ಏರಿತ್ತು. ಎಂಟನೆಯ ದಿನ ದಾಕ್ಷಾಯಣಿ ತೀರಿಕೊಂಡಳು. ಕೂಸು ಉಳಿಯಿತು. ನಾವೆಲ್ಲ ಅದರ ಸಂತಾನ.

ನಮ್ಮ ಕಾಲದಲ್ಲಿ ಇಂಥದ್ದು ನಡೆಯಬಾರದೆಂದೇ ಕಾವುಗಾತಿಯರಿದ್ದಾರೆ. ಬಾಣಂತಿಯ ಮೈಕಾವನ್ನು ಕಾಯುವುದೇ ಅವರ ಕೆಲಸ. ಹೆರಿಗೆಯಾದ ಕೂಡಲೇ ತಾಯಿಯ ಮಣಿಕಟ್ಟಿಗೆ ಕಾವುದಾರ ಕಟ್ಟುತ್ತಾರೆ. ಬೆಳ್ಳಗಿರುವ ಆ ದಾರ ಜ್ವರ ಬಂದರೆ ಕೆಂಪಾಗುತ್ತದೆ. ಕೆಂಪು ಕಂಡರೆ ಮನೆಯವರು ಗಂಟೆ ಬಾರಿಸಬೇಕು, ಕಾವುಗಾತಿ ಮದ್ದಿನ ಚೀಲದೊಂದಿಗೆ ಓಡಿಬಂದು ಒಂದು ತಾಸಿನೊಳಗೆ ಸೂಜಿ ಚುಚ್ಚಬೇಕು. ನಾನು ಇಪ್ಪತ್ತೆರಡು ವರ್ಷ ಕಾವುಗಾತಿಯಾಗಿದ್ದೆ. ಈಗ ನಮ್ಮ ಮನೆಗಳೆಲ್ಲ ಬಂಡೆಯೊಳಗೆ ಕೊರೆದವು, ಮಗ್ಗಗಳೂ ನೆಲದಡಿಯಲ್ಲೇ. ನೀರು ತಲೆಗೆ ದಿನಕ್ಕೆ ನಾಲ್ಕು ತಂಬಿಗೆ, ಬಾಣಂತಿಗೆ ಮಾತ್ರ ಎಂಟು. ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಸವೆದುಹೋಗಿವೆ. ಹೋದ ಮನೆಯಲ್ಲೆಲ್ಲ “ಹಿಂಗ ಒಬ್ಬ ಮುದುಕಿ ಇದ್ಲವ್ವಾ” ಎಂದು ನಿಮ್ಮ ಕಥೆ ಶುರುಮಾಡುತ್ತಿದ್ದೆ. ಎಲ್ಲರೂ ನಿಮಗೆ ಹಿಡಿಶಾಪ ಹಾಕುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು, ಅಜ್ಜಿ. ಸುಳ್ಳೇಕೆ ಹೇಳಲಿ?

ಆ ದಾರಕ್ಕೊಂದು ದೋಷವಿದೆ. ಗಾಳಿಯಂತ್ರ ನಿಂತು ಕೋಣೆ ಕಾದರೆ, ಜ್ವರವಿಲ್ಲದಿದ್ದರೂ ಕೆಂಪಾಗುತ್ತದೆ. ಏದುಸಿರು ಬಿಡುತ್ತ ಓಡಿಹೋಗಿ, ಗಡದ್ದಾಗಿ ಉಣ್ಣುತ್ತ ಕೂತ ಬಾಣಂತಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿ ನೋಡಿ ಕೆಂಪಿನ ಹೆದರಿಕೆಯೇ ಹೋಗಿತ್ತು.

ಐದು ವರ್ಷದ ಹಿಂದೆ ನನ್ನ ಮಗಳು ಮುಕ್ತಾ ನನ್ನ ಮನೆಯಲ್ಲೇ ಹೆತ್ತಳು. ನಾಲ್ಕನೆಯ ದಿನ ಬೆಳಿಗ್ಗೆ ಗಾಳಿಯಂತ್ರ ನಿಂತಿತು, ದಾರ ಕೆಂಪಾಯಿತು. “ಅವ್ವಾ, ನನಗ ಚಳಿ ಹತ್ತೈತಿ” ಎಂದಳು. ನಾನು ನಕ್ಕುಬಿಟ್ಟೆ. “ಹೊರಗ ಐವತ್ತೊಂದು ಡಿಗ್ರಿ ಐತಿ, ದಾರ ಕೆಂಪಾಗದ ಮತ್ತೇನ್ ಹಸರ ಆಗತೈತೇನು? ಚಳಿ ಅಂತ ಚಳಿ! ಸುಮ್ಮನ ಮಕ್ಕೊ” ಎಂದೆ. ನೆರೆಯವರು ನೋಡಿ ಗಂಟೆ ಬಾರಿಸಿ ರಾದ್ಧಾಂತ ಮಾಡುವುದು ಬೇಡವೆಂದು ಕತ್ತರಿಯಿಂದ ದಾರವನ್ನೇ ಕತ್ತರಿಸಿದೆ. ಮದ್ದು ನನ್ನ ಚೀಲದಲ್ಲಿತ್ತು, ಚೀಲ ಅವಳ ತಲೆಯ ಮೇಲಿನ ಗೂಟದಲ್ಲಿತ್ತು. ಸಂಜೆ ಉಸಿರು ಜೋರಾಗಿ, ನನ್ನ ಮುಖವನ್ನೇ ನೋಡುತ್ತ “ನೀವ್ಯಾರ್ರೀ?” ಎಂದು ಕೇಳಿದಳು. ಆಗ ಸೂಜಿ ಚುಚ್ಚಿದೆ. ಕಾಲ ಮಿಂಚಿತ್ತು. ಮರುದಿನ ಬೆಳಿಗ್ಗೆ ಹೋದಳು. ತಾಯಿಯ ನಂಜು ಕೂಸಿಗೂ ತಗುಲಿತ್ತು. ಹಾಲು ಚೀಪುವುದನ್ನು ಬಿಟ್ಟು ಒದ್ದೆ ಅರಿವೆಯಂತೆ ಜೋತುಬಿದ್ದಿತ್ತು. ಅದು ಬದುಕಿತು, ಆದರೆ ಎರಡೂ ಕಿವಿ ಹೋದವು.

ನನ್ನನ್ನು ಯಾರೂ ಬೈಯಲಿಲ್ಲ. ಕಾವುಗಾತಿಯರ ಕಚೇರಿಯವರು “ದಾರದ ದೋಷ” ಎಂದು ಬರೆದುಕೊಂಡು ಹೋದರು. ಅಳಿಯ ನನ್ನ ಕಾಲಿಗೆ ಬಿದ್ದು, ಇಷ್ಟು ಬಾಣಂತಿಯರನ್ನು ಉಳಿಸಿದ ಕೈ ಇದು, ದೇವರು ನಿಮಗೇ ಹೀಗೆ ಮಾಡಬಾರದಿತ್ತು ಎಂದು ಅತ್ತ. ನೂರಾರು ಮನೆಗಳಲ್ಲಿ ನಿಮಗೆ ಶಾಪ ಹಾಕಿಸಿದವಳಿಗೆ ಒಂದೇ ಒಂದು ಬೈಗುಳವನ್ನೂ ಕೊಡಲಿಲ್ಲ ಈ ಊರು.

ಈ ಕಾಗದ ಆ ಐದನೆಯ ದಿನಕ್ಕೆ ಮುಂಚೆ ತಲುಪಿದರೆ, ಬಾಗಿಲು ತೆಗೆಯಿರಿ. ಆ ಹುಡುಗಿಯನ್ನು ಥರ್ಮಾಮೀಟರಿನ ಸಮೇತ ಒಳಗೆ ಬಿಡಿ. ಜ್ವರವೋ ಕಾವೋ ಎಂದು ನೀವು ತೀರ್ಮಾನ ಮಾಡಬೇಡಿ, ನನ್ನಂಥ ತಿಳಿದವಳೂ ಮಾಡಬಾರದು. ನಿಮ್ಮ ಊರಿನಲ್ಲಿ ಗಾಡಿ ಇದೆ, ಆಸ್ಪತ್ರೆ ಇದೆ, ದಾಕ್ಷಾಯಣಿಗೆ ಇನ್ನೂ ನಿಮ್ಮ ಗುರುತಿದೆ. ಹೊರಡಿ. ತಡವಾಗಿ ತಲುಪಿದರೆ, ಒಂದನ್ನು ಮಾತ್ರ ತಿಳಿಸುವ ದಾರಿ ಹುಡುಕಿ: ದಾಕ್ಷಾಯಣಿಯ ಕೂಸು ದೊಡ್ಡದಾಗಿ ಅವ್ವನ ಬಗ್ಗೆ ಕೇಳಿದಾಗ ನೀವು ಏನು ಹೇಳಿದಿರಿ?

ನನ್ನ ಮೊಮ್ಮಗಳ ಹೆಸರು ಕಸ್ತೂರಿ. ದಿನವೂ ಸಂಜೆ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತೇನೆ. ಆಗ ಅವಳ ಬೆನ್ನ ಹಿಂದಿನಿಂದ, “ನಿಮ್ಮವ್ವ ಸತ್ತದ್ದು ನನ್ನಿಂದ, ತಂಗೀ” ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಕುತ್ತಿಗೆಗೆ ಉಸಿರು ತಾಗಿ ಕಚಗುಳಿಯಾಗಿ ಅವಳು ನಗುತ್ತಾಳೆ. ನಾಳೆಯಿಂದ ಅವಳಿಗೆ ಅಕ್ಷರಾಭ್ಯಾಸ. ಓದಲು ಬಂದ ದಿನ ಇದರ ಪ್ರತಿಯನ್ನು ಅವಳ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೂ ಅವಳ ಎದುರಿಗೇ ಕೂತಿರುತ್ತೇನೆ.