ನೈಟ್ ಡ್ಯೂಟಿ ದಿನ ಇಟ್ಟ ಎಡೆ

ಅವ್ವಾ, ಇವತ್ತೂ ಹಾಸಿಗೇಲಿ ಕಣ್ಣು ಮುಚ್ಚಲಿಲ್ಲ ಕಣವ್ವ. ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದು ಮಲಗಿದರೆ ಕೆಳಗಡೆ ಮನೆ ಮಿಕ್ಸಿ, ಅದು ನಿಂತರೆ ವಾರ್ಡಿನ ಬೆಲ್ಲು ಕಿವೀಲೇ ಹೊಡ್ಕೊಳ್ಳುತ್ತೆ. ರಾತ್ರಿ ಅನ್ನ ತಿಂದರೆ ತೂಕಡಿಕೆ ಅಂತ ಬರೀ ಟೀ, ಬನ್ನು. ಬೆಳಗಾದರೆ ಎದೆ ಉರಿ. ಉಣ್ಣದೆ ನಿದ್ದೆ ಬರಲ್ಲ, ನಿದ್ದೆ ಇಲ್ಲದೆ ಊಟ ಸೇರಲ್ಲ... ಯಾವುದನ್ನ ಮೊದಲು ಸರಿ ಮಾಡ್ಕೊಳ್ಳಲಿ ಹೇಳು?

ಸಿಂಧಘಟ್ಟದಲ್ಲಿ ನನ್ನ ಬಸ್ಸು ಹತ್ತಿಸಿದ ದಿನ ನೆನಪಿದೆಯಾ? ಕಿಟಕಿಗೆ ಕೈ ಹಾಕಿ, "ಕೂಸೇ, ಶ್ರೀರಂಗಪಟ್ಣದಲ್ಲಿ ರೋಗಿಗಳ್ಗೆಲ್ಲ ಉಣ್ಣಿ ಉಣ್ಣಿ ಅಂತ ಓಡಾಡ್ಬುಟ್ಟು ನೀನು ಹಸ್ಕಂಡು ಮನಿಕ್ಕಬ್ಯಾಡ" ಅಂದಿದ್ದೆ. ನಾನು ನಕ್ಕುಬಿಟ್ಟಿದ್ದೆ.

ಇವತ್ತು ಹಿರಿಯರ ಹಬ್ಬ. ನೀನು ಹೋದ ಮೇಲೆ ಮೊದಲನೇದು. ರಜ ಸಿಗಲಿಲ್ಲ. ಊರಲ್ಲಿ ಅಪ್ಪ ಎಡೆ ಇಟ್ಟಿರ್ತಾನೆ, ಆದರೂ ನನ್ನ ಕೈ ಅಡುಗೇನೂ ನೀನು ಉಣ್ಣು ಅಂತ ರೂಮಲ್ಲೇ ಮುದ್ದೆ, ಕೋಳಿಸಾರು ಮಾಡಿ, ನಿನ್ನ ಫೋಟೊ ಮುಂದೆ ಎಡೆ ಹಾಕಿ, ಬಾಗಿಲು ಮುಚ್ಚಿ ಹೊರಗೆ ಮೆಟ್ಟಿಲ ಮೇಲೆ ಕೂತೆ. ನೀನು ಉಂಡು ಏಳೋ ತನಕ ಒಳಗೆ ಹೋಗಬಾರದಲ್ಲ. ನಾನೂ ಬೆಳಗ್ಗಿಂದ ಉಪವಾಸ. ಗೋಡೆಗೆ ಒರಗಿದವಳಿಗೆ ಹಾಗೇ ನಿದ್ದೆ ಹತ್ತಿಬಿಡ್ತು. ಎಂಥ ನಿದ್ದೆ ಕಣವ್ವ! ಸಂಜೆ ಮನೆ ಓನರ್ ಪುಟ್ಟಮ್ಮಕ್ಕ ಬಂದು ಅಲ್ಲಾಡಿಸಿದರು. "ಏಳವ್ವ, ಡ್ಯೂಟಿ ಇಲ್ವಾ? ನಿಮ್ಮವ್ವ ಉಂಡು ಕೈ ತೊಳ್ಕಂಡು ಸಿಂಧಘಟ್ಟ ಸೇರ್ಕಂಡವ್ಳೆ, ನೀನಿನ್ನೂ ಬಾಗ್ಲು ಕಾಯ್ತಾ ಕುಂತಿದ್ದೀಯ!" ಬಾಗಿಲೂ ತೆಗೀಲಿಲ್ಲ, ಒಂದು ತುತ್ತೂ ಉಣ್ಣಲಿಲ್ಲ, ಹಾಗೇ ಆಸ್ಪತ್ರೆಗೆ ಓಡಿದೆ.

ಈಗೊಂದು ಗಳಿಗೆ ಮುಂಚೆ ಕಿಟಕಿ ಪಕ್ಕದ ಬೆಡ್ಡಿನ ಅಜ್ಜಿಗೆ ಇನ್ಸುಲಿನ್ ಚುಚ್ಚೋಕೆ ಹೋದೆ. ಅಜ್ಜಿ ಕೈ ಎಳ್ಕೊಂಡು, "ಆಗ್ಲೇ ಚುಚ್ಚಿದ್ಯಲ್ಲ ಮಗ, ಒಂದೇ ರಾತ್ರೀಲಿ ಎಲ್ಡು ಸಲ ಯಾಕವ್ವ?" ಅಂದಳು. ಚಾರ್ಟ್ ನೋಡಿದರೆ ಹೌದು, ನಾನೇ ಕೊಟ್ಟಿದ್ದೆ. ಜ್ಞಾಪಕವೇ ಇಲ್ಲ. ಅಜ್ಜಿ ನಿದ್ದೆ ಹೋಗಿದ್ದಿದ್ದರೆ... ಸಿರಿಂಜು ಟ್ರೇಲಿ ಇಟ್ಟುಬಿಟ್ಟೆ. ಅವಳು ನನ್ನನ್ನೇ ನೋಡಿ, "ಮಕ ಯಾಕಿಂಗೈತೆ, ಉಂಡಿಲ್ವಾ?" ಅಂದಳು. ಇನ್ನೊಬ್ಬ ಸಿಸ್ಟರನ್ನ ವಾರ್ಡಲ್ಲಿ ನಿಲ್ಲಿಸಿ ಹೊರಗೆ ಬಂದುಬಿಟ್ಟೆ.

ಬೆಳಗ್ಗೆ ಇನ್‌ಚಾರ್ಜ್ ಸಿಸ್ಟರಿಗೆ ಎಲ್ಲ ಹೇಳ್ತೀನಿ ಅವ್ವ. ನೈಟ್ ಆಗಲ್ಲ, ಡೇಗೆ ಹಾಕಿ ಅಂತೀನಿ. ಒಪ್ಪಲಿಲ್ಲ ಅಂದರೆ ಕೆಲಸ ಬಿಡ್ತೀನಿ, ಇದು ನಿನ್ನಾಣೆ. ಆದರೆ ಅಪ್ಪನಿಗೆ ಹೇಗೆ ಹೇಳಲಿ? "ನಮ್ ಕೂಸು ಸಿಸ್ಟ್ರು" ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತಾನೆ. ನಿನ್ನ ಫೋನು ಈಗ ಅವನ ಹತ್ತಿರ. ಅದಕ್ಕೆ ಕಳಿಸೋ ಈ ವಾಯ್ಸ್ ಮೆಸೇಜು ಕೇಳೋಕೆ ಅವನಿಗೆ ಬರಲ್ಲ, ಎತ್ತಿ "ಅಲೋ" ಅನ್ನೋಕೆ ಮಾತ್ರ ಬರುತ್ತೆ. ನೀನು ಅವನ ಪಕ್ಕದಲ್ಲೇ ಇರು. ಬೆಳಗ್ಗೆ ಒಂಬತ್ತಕ್ಕೆ ಅವನಿಗೆ ಫೋನ್ ಮಾಡ್ತೀನಿ.