ಹಲ್ಲುಜ್ಜುವ ಆನೆ

ಪ್ರೀತಿಯ ಅತ್ತಿಗೆ,

ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಮಾಡಿದೆ. ಎರಡೂ ಸಲ ಅಣ್ಣ ಎತ್ತಿಕೊಂಡು "ಅವಳು ಮಲಗಿದ್ದಾಳೆ ಕಣೇ" ಎಂದ. ಹಗಲು ಹನ್ನೊಂದಕ್ಕೆ ಮಲಗುವವರಲ್ಲ ನೀವು. ಅದಕ್ಕೇ ಬರೆಯುತ್ತಿದ್ದೇನೆ. ಸಾಕಾಗಿ ಹೋಗಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ಕುರ್ಚಿ ಕಂಡರೆ ಕಿರುಚುವ ಮಕ್ಕಳಿಗಾಗಿ ತಮ್ಮ ವೆಬ್‌ಸೈಟಿನಲ್ಲಿ ಹಲ್ಲುಜ್ಜುವ ಆನೆಯೊಂದು ಬೇಕೆಂದು, ನಮ್ಮ ಆಫೀಸಿನಲ್ಲಿ ಅದನ್ನು ಮಾಡಿಸುತ್ತಿರುವ ಹಲ್ಲಿನ ಡಾಕ್ಟರು ಕೇಳಿದಾಗ ನನಗೆ ನೆನಪಾದದ್ದು ನೀವೇ. ಮೂವತ್ತು ವರ್ಷ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು, ಮಡಿಸಿ ಬೀರುವಿನಲ್ಲಿಟ್ಟವರು. "ಈ ವಯಸ್ಸಲ್ಲಿ ನಂಗ್ಯಾಕಮ್ಮ ಇದೆಲ್ಲ" ಎನ್ನುತ್ತಲೇ ಊಟದ ಮೇಜು ಒರೆಸಿ ಕೂತಿರಿ. ಹದಿನಾಲ್ಕು ಆನೆಗಳು ಬಂದವು, ಒಂದಕ್ಕಿಂತ ಇನ್ನೊಂದರಲ್ಲಿ ಸೊಂಡಿಲು ಚೂರು ಮೇಲೆ, ಬ್ರಷ್ಷು ಚೂರು ಓರೆ. ಸ್ಕ್ಯಾನ್ ಮಾಡಿ, ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಒಂದರ ಹಿಂದೊಂದು ಓಡಿಸಿದರೆ ಆನೆ ಹಲ್ಲುಜ್ಜಬೇಕು. ಉಜ್ಜಿತು ಕೂಡ. ಆದರೆ ವೆಬ್‌ಸೈಟಿನಲ್ಲಿ ನೋಡಿದರೆ ಗೆರೆಗಳೆಲ್ಲ ಮಸುಕು, ಅಂಚಿನುದ್ದಕ್ಕೂ ಕೊಳೆ ಕೂತಂತೆ ಚುಕ್ಕೆಗಳು.

ನಾನೇನು ಮಾಡಲಿಲ್ಲ ಹೇಳಿ. ಬ್ರೌಸರ್ ಬದಲಿಸಿದೆ, ಕಂಪ್ಯೂಟರ್ ಬದಲಿಸಿದೆ, ಸ್ಕ್ಯಾನರಿನ ಗಾಜು ಉಜ್ಜಿದೆ. ಆನೆಗಿಂತ ಹೆಚ್ಚು ಉಜ್ಜಿದವಳು ನಾನೇ. ಕೊನೆಗೆ ನಿಮಗೆ ಫೋನ್ ಮಾಡಿ ಆ ಮಾತು ಆಡಿದೆ: "ಅತ್ತಿಗೆ, ನಿಮ್ಮ ಗೆರೆ ಮೊದಲಿನ ಹಾಗಿಲ್ಲ. ಸ್ವಲ್ಪ ಗಟ್ಟಿಯಾಗಿ ಬರೀರಿ." ನೀವು "ಆಗ್ಲಿ ಪುಟ್ಟಿ" ಎಂದಿರಿ. ಮತ್ತೆ ಹದಿನಾಲ್ಕು ಬಂದವು, ಮತ್ತೆ ಮಸುಕು. ನೀವು ಹೊಸ ಕನ್ನಡಕ ಮಾಡಿಸಿಕೊಂಡು ಇನ್ನೂ ಹದಿನಾಲ್ಕು ಬರೆದಿರಿ. ಅವೂ ಹಾಗೇ ಆದಾಗ "ನನ್ನ ಕೈ ಹೋಯ್ತು ಬಿಡು, ಬೇರೆಯವರನ್ನ ನೋಡ್ಕೋ" ಎಂದಿರಿ. ಬಣ್ಣಗಳನ್ನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟಿರಂತೆ, ಅಣ್ಣ ಹೇಳಿದ.

ನಾನು ಬೇರೆಯವರನ್ನೇ ನೋಡಿಕೊಂಡೆ, ಹೆಸರು ಮಾಡಿದ ಒಬ್ಬ ಚಿತ್ರಗಾರನನ್ನು. ನಿನ್ನೆ ಅವನ ಆನೆಯೂ ಮಸುಕಾಗಿ ಬಂತು. ಸಾಫ್ಟ್‌ವೇರಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದೆ. ವೆಬ್‌ಸೈಟಿಗೆ ಹಾಕುವಾಗ ಚಿತ್ರಗಳನ್ನು ಹಗುರ ಮಾಡು ಎಂಬ ಸಾಲಿನ ಮುಂದೆ ಟಿಕ್ ಇತ್ತು. ಗುಣಮಟ್ಟ ನೂರಕ್ಕೆ ಮೂವತ್ತು, ಯಾರ ಗೆರೆಯಾದರೂ ಮಸುಕಾಗಲೇಬೇಕು. ಎರಡು ವರ್ಷದ ಹಿಂದೆ ಬೇರೊಂದು ವೆಬ್‌ಸೈಟು ಬೇಗ ತೆರೆದುಕೊಳ್ಳಲೆಂದು ನಾನೇ ಹಾಕಿದ ಟಿಕ್. ಹಳೆಯ ಫೈಲನ್ನೇ ನಕಲು ಮಾಡಿಕೊಂಡು ಹೊಸ ಕೆಲಸ ಶುರುಮಾಡುವುದು ನಮ್ಮ ಆಫೀಸಿನ ರೂಢಿ. ಅದರ ಜೊತೆಗೇ ಇದೂ ಬಂದಿದೆ. ಮಸುಕು ಕಂಡರೆ ಮೊದಲು ಮೂಲ ಚಿತ್ರ ತೆರೆದು ನೋಡಿ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು. ನಿಮ್ಮ ಮೂಲ ಚಿತ್ರಗಳನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ವಯಸ್ಸಾದವರ ಕೈ, ಇನ್ನೇನು, ಎಂದುಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇವತ್ತು ಬೆಳಿಗ್ಗೆ ಟಿಕ್ ತೆಗೆದು ನಿಮ್ಮ ಮೊದಲ ಹದಿನಾಲ್ಕನ್ನು ಹಾಕಿದೆ. ಆನೆಯ ಕಣ್ಣಿನ ರೆಪ್ಪೆ ಕೂಡ ನಿಚ್ಚಳ. ಡಾಕ್ಟರು ನೋಡಿ "ಇದೇ ಇರಲಿ. ಯಾರು ಬರೆದದ್ದು?" ಎಂದರು. ನಮ್ಮ ಅತ್ತಿಗೆ ಎಂದೆ. ಹೇಳುವಾಗ ನಾಚಿಕೆಯಾಯಿತು.

ಇಲ್ಲಿಗೆ ಮುಗಿಸಿ ತಪ್ಪಾಯಿತು ಎಂದಿದ್ದರೆ ಸುಲಭವಿತ್ತು. ಆದರೆ ನೀವು ಕಳಿಸಿದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲ ಸಲದವುಗಳಲ್ಲಿ ಗೆರೆ ಸೊಂಡಿಲಿನಿಂದ ಬಾಲದವರೆಗೆ ಸಲೀಸಾಗಿ ಓಡಿದೆ. ಕೊನೆಯ ಸಲದವುಗಳಲ್ಲಿ ನಿಜಕ್ಕೂ ನಡುಗಿದೆ, ಒಂದೇ ಗೆರೆಯನ್ನು ಎರಡೆರಡು ಸಲ ತಿದ್ದಿದ್ದೀರಿ, ಒತ್ತಿ ಒತ್ತಿ ಕಾಗದ ಒಂದೆರಡು ಕಡೆ ಹರಿದಿದೆ. ಮೂರು ವಾರದಲ್ಲಿ ಯಾರ ಕೈಗೂ ಅಷ್ಟು ವಯಸ್ಸಾಗುವುದಿಲ್ಲ ಅತ್ತಿಗೆ. ಆ ನಡುಕ ನಾನು ಕೊಟ್ಟದ್ದು.

ಭಾನುವಾರ ಬರುತ್ತೇನೆ. ಇದನ್ನೇ ನಿಮ್ಮೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀವು ಬರೆದರೂ ಸರಿ, ಬರೆಯದಿದ್ದರೂ ಸರಿ. ಕೈ ಹೋಯಿತು ಎಂದು ಮಾತ್ರ ಅನ್ನಬೇಡಿ.

ಆ ಕೈ ನೂರು ಕಾಲ ಚೆನ್ನಾಗಿರಲಿ.

ನಿಮ್ಮ ನಾದಿನಿ,
ಪುಟ್ಟಿ