ಒಂದು ಮೈಗೆ ಒಂದು ಮುಳ್ಳು

ಆರೋಗ್ಯ ಇಲಾಖೆಯಲ್ಲಿ ಸೂಜಿ, ಸಿರಿಂಜು ಹಾಗೂ ಪ್ರಚಾರ ಭಾಷಣಗಳ ಹೊಣೆ ಹೊತ್ತಿರುವ ಮೇಲಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರ ಹೊರಗಿನ ಜಾಲಿ ಗಿಡಕ್ಕೆ ನೀವು ಹಾಕಿಸಿರುವ ಪಹರೆಯನ್ನು ದಯವಿಟ್ಟು ತೆಗೆಸಿ, ಅದರ ಬದಲು ಎರಡು ಹೊಸ ಸೂಜಿಗಳನ್ನು ಕಳಿಸಿಕೊಡಿ. ನನ್ನ ದೂರು ಇಷ್ಟೇ. ಬರುವ ಸೋಮವಾರದೊಳಗೆ ರಕ್ತಪರೀಕ್ಷೆಗೆ ಒಪ್ಪದಿದ್ದರೆ ಗುತ್ತೆವ್ವ ಇನ್ನು ಯಾರಿಗೂ ಹಚ್ಚೆ ಹಾಕುವಂತಿಲ್ಲ, ಹಾಕಿದರೆ ಖಟ್ಲೆ ಎಂದು ನಿಮ್ಮ ನೋಟೀಸು ಹೇಳುತ್ತದೆ. ಗುತ್ತೆವ್ವ ರಕ್ತ ಕೊಡುವುದಿಲ್ಲ ಎಂದಿಲ್ಲ. ಹೊಸ ಸೂಜಿಯಿಂದ ತೆಗೆಯಿರಿ ಎಂದಿದ್ದಾಳೆ. ಇದನ್ನು ನಿಮ್ಮ ಕಚೇರಿ ‘ಅಸಹಕಾರ’ ಎಂದು ಬರೆದುಕೊಂಡಿದೆ. ಹಿಂದೆ ಇಂಗ್ರೇಜರ ಕಾಲದಲ್ಲಿ ಅಸಹಕಾರ ಮಾಡಿದವರಿಗೆ ನೀವು ಈಗ ಪಿಂಚಣಿ ಕೊಡುತ್ತಿದ್ದೀರಿ. ಗುತ್ತೆವ್ವನಿಗೆ ಪಿಂಚಣಿ ಬೇಡ, ಸೂಜಿ ಸಾಕು.

ಗುತ್ತೆವ್ವ ಯಾರು ಎಂದು ನೀವು ಕೇಳಬಹುದು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವುದೇ ಊರಿಗೆ ಹೋಗಿ ಮದುವೆಯಾದ ಹೆಣ್ಣುಮಕ್ಕಳ ಮುಂಗೈ ನೋಡಿ. ಅಲ್ಲಿ ತುಳಸಿಕಟ್ಟೆ, ಚೇಳು, ತವರಿನ ತೊಟ್ಟಿಲು ಹಸಿರಾಗಿ ಕಂಡರೆ, ಹತ್ತರಲ್ಲಿ ನಾಲ್ಕು ಗುತ್ತೆವ್ವನವು. ಅವಳಿಗೆ ಅರವತ್ತು ದಾಟಿದೆ. ಅಕ್ಷರ ಬಾರದು. ಆದರೆ ಅವಳ ಕೆಲಸಕ್ಕೆ ಒಂದು ಕಟ್ಟು, ಒಂದು ನೇಮ ಇದೆ, ಅವಳ ಅವ್ವನಿಂದ ಬಂದದ್ದು. ಒಬ್ಬಳಿಗೆ ಹಚ್ಚೆ ಹಾಕಬೇಕಾದರೆ ಗಿಡದಿಂದ ಹೊಸ ಜಾಲಿ ಮುಳ್ಳು ಮುರಿದು ದೀಪದ ಕುಡಿಗೆ ಹಿಡಿಯುತ್ತಾಳೆ. ಕಾಡಿಗೆಯ ರಸವನ್ನು ಸವಣೂರಿನ ಒಂದು ವೀಳ್ಯದೆಲೆಯ ಮೇಲೆ ಆ ಒಬ್ಬಳಿಗೆ ಬೇಕಾದಷ್ಟೇ ಹಾಕಿಕೊಳ್ಳುತ್ತಾಳೆ. ಕೆಲಸ ಮುಗಿಯಿತೆಂದರೆ ಎಲೆ, ಮುಳ್ಳು ಎರಡೂ ಒಲೆಗೆ. ಅಕ್ಕತಂಗಿಯರಾದರೂ ಅಷ್ಟೇ, ಅವಳಿ ಜವಳಿಯಾದರೂ ಅಷ್ಟೇ. ಯಾಕೆ ಎಂದು ಕೇಳಿದರೆ “ಒಂದು ಮೈಗೆ ಒಂದ ಮುಳ್ಳು. ಒಬ್ಬಾಕಿ ನೋವು ಇನ್ನೊಬ್ಬಾಕಿಗೆ ಉಣಸಬಾರದು” ಎನ್ನುತ್ತಾಳೆ. ಮುಳ್ಳು ಆಸ್ಪತ್ರೆಯ ಸಾಮಾನೆಂದು ನಾನು ವಾದಿಸುವುದಿಲ್ಲ. ಆಸ್ಪತ್ರೆಯಲ್ಲಿ ಮುಳ್ಳು ಬಳಸಿ ಎಂದೂ ಕೇಳುವುದಿಲ್ಲ. ಅವಳ ಕಟ್ಟನ್ನಷ್ಟೇ ಬಳಸಿ ಎನ್ನುತ್ತೇನೆ.

ಈಗ ನನ್ನ ಕಥೆಗೆ ಬರುತ್ತೇನೆ. ಕಥೆ ಹೇಳುವುದು ನನ್ನ ಹಳೆಯ ರೋಗ, ಅದಕ್ಕೆ ಲಸಿಕೆ ಇಲ್ಲ.

ಮೂರು ವರ್ಷದ ಹಿಂದೆ, ಎಂಬತ್ತೈದರ ಶ್ರಾವಣದಲ್ಲಿ, ನಿಮ್ಮ ಇಲಾಖೆಯವರು ನಮ್ಮೂರ ಶಾಲೆಯ ಕಟ್ಟೆಯ ಮೇಲೆ ಶಕ್ತಿ ಇಂಜೆಕ್ಷನ್ನಿನ ಶಿಬಿರ ಮಾಡಿದರು. ನಮ್ಮ ಕಡೆಯವರಿಗೆ ಗುಳಿಗೆ ಕೊಟ್ಟರೆ ಡಾಕ್ಟರನ ಮೇಲೆ ಸಿಟ್ಟು ಬರುತ್ತದೆ. ಸೂಜಿ ಮಾಡಿದರೇ ಔಷಧ. ಹಾಗಾಗಿ ಮೂವತ್ತೊಂದು ಮಂದಿ ತೋಳು ಮಡಚಿ ಸಾಲಿನಲ್ಲಿ ನಿಂತೆವು. ಗಾಜಿನ ಸಿರಿಂಜು ಒಂದು, ಸೂಜಿ ಒಂದು. ಸ್ಟೋವ್ ಇತ್ತು, ಆದರೆ ಬಂದ ಪಂಚಾಯ್ತಿ ಸದಸ್ಯರಿಗೆ ಚಹಾ ಕಾಸುವಷ್ಟರಲ್ಲಿ ಸೀಮೆಎಣ್ಣೆ ತೀರಿತ್ತು. ಚಹಾ ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಯಿತು. ಸೂಜಿ ಕುದಿಯಲಿಲ್ಲ. ಒಬ್ಬರ ತೋಳಿನಿಂದ ತೆಗೆದು ಅರಳೆಯಿಂದ ಒರೆಸಿ ಇನ್ನೊಬ್ಬರ ತೋಳಿಗೆ ಚುಚ್ಚುತ್ತ ಕಂಪೌಂಡರ ಅರ್ಧ ತಾಸಿನಲ್ಲಿ ಊರಿಗೆಲ್ಲ ಶಕ್ತಿ ತುಂಬಿಬಿಟ್ಟ. ಆ ಸೂಜಿಯ ಮೂಗು ತುಸು ಎಡಕ್ಕೆ ಬಾಗಿತ್ತು. ಬೀಗರ ಮುಖದಂತೆ ಅದು ನಮಗೆಲ್ಲ ನೆನಪಿದೆ.

ಸಾಲಿನಲ್ಲಿ ಇಪ್ಪತ್ತೆರಡನೆಯವರು ಮಹಾಲಿಂಗಪ್ಪ. ಗಟ್ಟಿ ಆಳು, ಒಂದು ದಿನ ಮಲಗಿದವರಲ್ಲ. ಅವರ ಹಿಂದೆ ಒಂಬತ್ತು ಮಂದಿ. ಮೊದಲನೆಯವನು ನನ್ನ ಅಣ್ಣ ಗುಡ್ಡಪ್ಪ, ನಾಲ್ಕನೆಯವನು ನಾನು. ಮೂರು ತಿಂಗಳು ಏನೂ ಆಗಲಿಲ್ಲ. ದೀಪಾವಳಿಯ ಹೊತ್ತಿಗೆ ಆ ಒಂಬತ್ತರಲ್ಲಿ ಏಳು ಮಂದಿಯ ಕಣ್ಣು ಅರಿಸಿನದಂತೆ ಹಳದಿಯಾದವು. ಕಾಮಣಿ! ಮಹಾಲಿಂಗಪ್ಪನ ಮುಂದೆ ನಿಂತಿದ್ದ ಇಪ್ಪತ್ತೊಂದು ಮಂದಿಗೆ ಸೀನೂ ಬರಲಿಲ್ಲ. ನಾನು ಎರಡು ತಿಂಗಳು ಮಲಗಿ ಎದ್ದೆ. ನನ್ನ ಅಣ್ಣ ಏಳಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಹೋದ.

ನಿಮ್ಮ ಇಲಾಖೆಯವರು ಬಂದು ತನಿಖೆ ಮಾಡಿ ಬಾವಿಯೇ ತಪ್ಪಿತಸ್ಥ ಎಂದು ತೀರ್ಮಾನಿಸಿ ಅದಕ್ಕೆ ಎರಡು ಚೀಲ ಬ್ಲೀಚಿಂಗ್ ಪುಡಿ ಕುಡಿಸಿ ಹೋದರು. ಒಂದೇ ಬಾವಿಯ ನೀರು ಮಹಾಲಿಂಗಪ್ಪನ ಹಿಂದೆ ನಿಂತವರಿಗೆ ಮಾತ್ರ ಹೇಗೆ ವಿಷವಾಯಿತೆಂದು ಬಾವಿಯನ್ನು ಯಾರೂ ಕೇಳಲಿಲ್ಲ. ಊರವರು ನಿಮಗಿಂತ ಬುದ್ಧಿವಂತರು ಎಂದುಕೊಳ್ಳಬೇಡಿ. ಅವರು ಸಾಲಿನ ಲೆಕ್ಕವನ್ನು ಸರಿಯಾಗಿಯೇ ಹಿಡಿದರು, ಅರ್ಥ ಮಾತ್ರ ತಮ್ಮದೇ ಮಾಡಿಕೊಂಡರು: ಮಹಾಲಿಂಗಪ್ಪನ ಹಿಂದೆ ನಿಲ್ಲಬಾರದು.

ಮಾನ್ಯರೇ, ಮೂರು ವರ್ಷ ಆ ಮನುಷ್ಯನ ಹಿಂದೆ ಯಾರೂ ನಿಲ್ಲಲಿಲ್ಲ. ರೇಷನ್ ಅಂಗಡಿಯಲ್ಲಿ ಅವರು ಕೊನೆಗೆ. ಮದುವೆಯ ಪಂಕ್ತಿಯಲ್ಲಿ ಕೊನೆಯ ಎಲೆ ಅವರದು. ಬಸ್ಸು ಬಂದರೆ “ನೀವು ಆಮ್ಯಾಲೆ ಹತ್ರಿ ಮಾಲಿಂಗಣ್ಣಾ” ಎನ್ನುತ್ತಾರೆ, ಹತ್ತಿದ ಮೇಲೆ ಕೊನೆಯ ಸೀಟು. ಹೋದ ವರ್ಷ ಪಂಚಾಯ್ತಿಯ ಮತ ಹಾಕಲು ಅವರು ಬೆಳಿಗ್ಗೆ ಎಂಟಕ್ಕೇ ಹೋಗಿದ್ದರು. ಹೊಸಬರು ಬಂದಂತೆಲ್ಲ ಅವರನ್ನು ಹಿಂದೆ ಹಿಂದೆ ಸರಿಸಿ, ಸಂಜೆ ಐದಕ್ಕೆ ಪೆಟ್ಟಿಗೆ ಮುಚ್ಚುವಾಗ ಅವರ ಸರದಿ ಬಂತು. ಸ್ವಂತ ಅಣ್ಣನ ಹೆಣದ ಮೆರವಣಿಗೆಯಲ್ಲೂ ಅವರು ಎಲ್ಲರಿಗಿಂತ ಹಿಂದೆ ನಡೆದರು. ಅವರು ಒಮ್ಮೆಯೂ ಜಗಳ ಮಾಡಲಿಲ್ಲ. ಏಳು ಮಂದಿಗೆ ತಾವೇ ಏನೋ ಮಾಡಿದೆವೆಂದು ಅವರೂ ನಂಬಿಬಿಟ್ಟಿದ್ದರು. ನಾನೂ ನಂಬಿದ್ದೆ. ಅವರು ಎದುರಿಗೆ ಬಂದರೆ ನನ್ನ ಅಣ್ಣನ ಮುಖ ಕಂಡಂತಾಗಿ ದಾರಿ ಬದಲಿಸುತ್ತಿದ್ದೆ.

ಕಳೆದ ತಿಂಗಳು ಜೀಪಿನಲ್ಲಿ, ಮೈಕಿನ ಸಮೇತ, ನೀವೇ ಬಂದಿರಿ. ಏಡ್ಸ್ ಎಂಬ ಹೊಸ ರೋಗದ ಬಗ್ಗೆ ನಮಗೆ ತಿಳಿವಳಿಕೆ ಕೊಟ್ಟಿರಿ. ಸುಳ್ಳು ಹೇಳಲಾರೆ, ಚೆನ್ನಾಗಿ ಹೇಳಿದಿರಿ. ಮುಟ್ಟಿದರೆ ಬಾರದು, ಜೊತೆಗೆ ಉಂಡರೆ ಬಾರದು, ಸೊಳ್ಳೆ ಕಚ್ಚಿದರೆ ಬಾರದು. ರಕ್ತದಿಂದ, ಸೂಜಿಯಿಂದ, ಗಂಡುಹೆಣ್ಣಿನ ಕೂಟದಿಂದ, ಬಸುರಿ ತಾಯಿಯಿಂದ ಮಗುವಿಗೆ ಬರುತ್ತದೆ, ಸೂಜಿಯನ್ನು ಪ್ರತಿ ಸಲ ಇಪ್ಪತ್ತು ನಿಮಿಷ ಕುದಿಸಬೇಕು ಎಂದಿರಿ. ‘ನಿರೋಧ್’ ಬಳಸುವ ಮಾತು ಬಂದಾಗ ಹಿರಿಯರೆಲ್ಲ ಶಾಲೆಯ ಹಂಚು ಎಣಿಸಿದರು. ಹೆಪಟೈಟಿಸ್ ಬಿ ಎಂಬ ಕಾಮಣಿಯೂ ಇದೇ ದಾರಿಗಳಲ್ಲಿ ತಿರುಗುತ್ತದೆ, ಇನ್ನೂ ಸುಲಭವಾಗಿ ಅಂಟುತ್ತದೆ, ಎಷ್ಟೋ ಜನ ಏನೂ ಗೊತ್ತಿಲ್ಲದೆ ಅದನ್ನು ರಕ್ತದಲ್ಲಿ ಹೊತ್ತು ಗಟ್ಟಿಯಾಗಿಯೇ ತಿರುಗುತ್ತಾರೆ, ಏಡ್ಸಿಗೆ ಲಸಿಕೆ ಇಲ್ಲ, ಇದಕ್ಕೆ ಮೂರು ಸಲ ಹಾಕಿಸಿಕೊಳ್ಳುವ ಲಸಿಕೆ ಇದೆ ಎಂದಿರಿ. ನಾನು ಮೊದಲ ಸಲ ಮಹಾಲಿಂಗಪ್ಪನತ್ತ ತಿರುಗಿ ನೋಡಿದೆ. ಅವರು ಎಲ್ಲರ ಹಿಂದೆ, ಗೋಡೆಗೆ ಆತು ಕೂತಿದ್ದರು.

“ಆ ಲಸಿಕಿ ನಮಗ ಯಾವಾಗ ಹಾಕ್ತೀರ್ರಿ?” ಎಂದು ನಮ್ಮ ಓಣಿಯ ಚೌಡವ್ವ ಕೇಳಿದಳು.

“ಅದು ಮುಂದಿನ ಯೋಜನೆಯಲ್ಲಿ ಬರಬಹುದಮ್ಮ” ಎಂದಿರಿ.

ಭಾಷಣ ಮುಗಿದ ಕೂಡಲೇ, ಬಂದವರಿಗೆ ಉಪಯೋಗವಾಗಲಿ ಎಂದು, ಧನುರ್ವಾಯುವಿನ ಇಂಜೆಕ್ಷನ್ ಕೊಡಿಸಲು ಶುರುಮಾಡಿದಿರಿ. ಕಂಪೌಂಡರ ಡಬ್ಬಿ ತೆಗೆದ. ಆಗ ಗುತ್ತೆವ್ವ ಎದ್ದು ನಿಂತಳು.

“ಸಾಹೇಬ್ರ, ಒಂದು ಮಾತು ಕೇಳ್ಲೇನ್ರಿ?”

“ಕೇಳಮ್ಮ.”

“ಈ ರೋಗ ಸೂಜಿ ಹಿಡಕೊಂಡು ಬರತೈತಿ ಅಂದ್ರಿ, ಹೌದಲ್ರಿ?”

“ಹೌದು, ಹೌದು. ಸರಿಯಾಗಿ ತಿಳಕೊಂಡಿದ್ದೀರಿ.”

“ಮತ್ತ ನಿಮ್ಮ ಕಂಪೌಂಡರ ಅದ ಸೂಜಿ ಹಿಡಕೊಂಡು ಬಂದಾನಲ್ರಿ!”

“ಯಕ್ಕಾ, ಅದರ ಮೂಗು ನೋಡ” ಎಂದಳು ಚೌಡವ್ವ. “ಗುಡ್ಡಪ್ಪಗ ಚುಚ್ಚಿದ್ದ ಐತಿ.”

ಅದನ್ನು ಬಿಸಿನೀರಿನಲ್ಲಿ ತೊಳೆದಿದೆ ಎಂದಿರಿ. “ತೊಳದ್ರ ಸಾಕಾಗಿದ್ರ ಇಪ್ಪತ್ತು ನಿಮಿಷ ಕುದಸಬೇಕಂತ ಈಗರ ಯಾಕ ಹೇಳಿದ್ರಿ? ನಾ ಒಂದು ಮೈಗೆ ಒಂದ ಮುಳ್ಳು ತಗೋತೇನಿ. ನಿಮಗ ಸರಕಾರ ಐತಿ, ನನಗ ಬರೇ ಒಂದು ಜಾಲಿ ಗಿಡ ಐತಿ” ಎಂದಳು ಗುತ್ತೆವ್ವ. ಜನ ನಕ್ಕರು. ಮಾನ್ಯರೇ, ಆ ನಗೆ ನಿಮಗೆ ಚುಚ್ಚಿತು. ಆದರೆ ಅದರಿಂದ ಯಾವ ರೋಗವೂ ಅಂಟುತ್ತಿರಲಿಲ್ಲ.

ಎಂಟು ದಿನಕ್ಕೆ ನಿಮ್ಮ ಆದೇಶ ಬಂತು. ಪರವಾನಿಗೆಯಿಲ್ಲದೆ ಚರ್ಮ ಚುಚ್ಚುವ ಉದ್ಯೋಗ ಮಾಡಿ ರಕ್ತದ ರೋಗ ಹರಡುವ ಸಂಭವವಿರುವುದರಿಂದ ಗುತ್ತೆವ್ವನ ‘ಉಪಕರಣ’ಗಳ ಜಪ್ತಿ. ಉಪಕರಣವೆಂದರೆ ಇನ್ನೂ ಬಳಸದೆ ಮುರಿದಿಟ್ಟಿದ್ದ ಹನ್ನೊಂದು ಮುಳ್ಳು. ಪಂಚನಾಮೆ ಬರೆದರು, ಪಂಚರ ಸಹಿ ಹಾಕಿಸಿದರು, ಹಾಳೆಗಳನ್ನು ಜೋಡಿಸಲು ಗುಂಡುಸೂಜಿ ಇರಲಿಲ್ಲವಾದ್ದರಿಂದ ಜಪ್ತಿಯಾದ ಮುಳ್ಳಿನಲ್ಲೇ ಒಂದನ್ನು ಚುಚ್ಚಿದರು. ಕಚೇರಿಯಲ್ಲಿ ಎಣಿಸಿದಾಗ ಹತ್ತೇ ಇದ್ದವಂತೆ. ಹನ್ನೊಂದನೆಯ ಮುಳ್ಳನ್ನು ಗುತ್ತೆವ್ವ ಎಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಕೇಳಿ ಇನ್ನೊಂದು ನೋಟೀಸು ಬಂದಿದೆ. ಆ ನೋಟೀಸಿಗೂ ಮುಳ್ಳೇ ಚುಚ್ಚಿದೆ.

ಉಪಕರಣಗಳ ಮೂಲವೇ ಜಾಲಿ ಗಿಡವೆಂದು ಗೊತ್ತಾದ ಮೇಲೆ ಗಿಡಕ್ಕೆ ಪಹರೆ ಬಂತು. ಸವಣೂರಿನ ಹೋಮ್‌ಗಾರ್ಡ್ ಹುಸೇನಸಾಬ ದಿನವಿಡೀ ಗಿಡದ ಕೆಳಗೆ ಲಾಠಿ ಹಿಡಿದು ಕೂರುತ್ತಾನೆ. ಗಿಡದ ಹತ್ತಿರ ಬಂದವರನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕಂತೆ. ಮೊದಲ ದಿನ ಒಂದು ಆಡು ಬಂದು ಟೊಂಗೆ ತಿಂದಿತು. ‘ಹೆಸರು ಹೇಳಲಿಲ್ಲ, ಸಾಕ್ಷ್ಯವನ್ನು ತಿಂದು ಪೂರ್ವ ದಿಕ್ಕಿಗೆ ಹೋಯಿತು’ ಎಂದು ಬರೆದಿದ್ದಾನೆ. ಪ್ರಾಮಾಣಿಕ ಮನುಷ್ಯ. ಗುತ್ತೆವ್ವನೇ ಅವನಿಗೆ ರೊಟ್ಟಿ ಕೊಡುತ್ತಾಳೆ.

“ಕಾಕೂ, ಒಂದು ಮುಳ್ಳು ನೀವ ಮುರಕೋರಿ, ನಾ ಆಕಡೆ ನೋಡ್ತೇನಿ” ಎಂದನಂತೆ ಒಂದು ದಿನ.

“ಬ್ಯಾಡಪಾ ಹುಸೇನಸಾಬ. ಆಮ್ಯಾಲೆ ನಿನ್ನೂ ಜಪ್ತಿ ಮಾಡ್ಯಾರು.”

ಅದಾದ ಮೇಲೆ ರಕ್ತಪರೀಕ್ಷೆ. ಗುತ್ತೆವ್ವನ ರಕ್ತ, ಮಹಾಲಿಂಗಪ್ಪನ ರಕ್ತ, ಎರಡೂ ದೂರದ ಪ್ರಯೋಗಾಲಯಕ್ಕೆ ಹೋಗಬೇಕೆಂದು ಆದೇಶ. ಮಹಾಲಿಂಗಪ್ಪನ ಬಗೆಗಿನ ಊರ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಇದು ನಿಮ್ಮ ಇಲಾಖೆ ಮಾಡಿದ ಮೊದಲ ಒಳ್ಳೆಯ ಕೆಲಸವೆಂದು ನಾನು ಸಂತೋಷಪಟ್ಟೆ. ಗುತ್ತೆವ್ವನೂ ಒಪ್ಪಿದಳು. “ನಲವತ್ತು ವರ್ಷ ಮಂದಿ ಮೈ ಚುಚ್ಚೇನಿ. ಎಷ್ಟೋ ಸಲ ಅದ ಮುಳ್ಳು ನನ್ನ ಬೆರಳಿಗೂ ನಟ್ಟೈತಿ. ನನಗೂ ತಿಳೀಬೇಕಲ್ಲ” ಎಂದಳು. ಕಂಪೌಂಡರ ಬಂದು ಡಬ್ಬಿ ತೆಗೆದ. ಎಡಕ್ಕೆ ಬಾಗಿದ ಮೂಗು ಮತ್ತೆ ಹೊರಗೆ ಬಂತು!

ಗುತ್ತೆವ್ವ ಕೈ ಹಿಂದಕ್ಕೆಳೆದುಕೊಂಡಳು. “ಹೊಸಾದು ತಾರೋ ತಮ್ಮಾ.”

“ಅವ್ವಾ, ನನ್ನ ಕೈಯಾಗ ಏನೈತಿ? ನಾ ಹೊಸಾದು ಕೇಳಿ ಎರಡು ವರ್ಷಾತು. ಹಳೇದು ಮುರದ ಮ್ಯಾಲೆ ಕೊಡ್ತೇವಿ ಅಂತಾರ.”

“ಹಂಗಾರ ಮುರಿ.”

“ಮುರದ್ರ ನನ್ನ ಮುರೀತಾರಬೇ!”

ಆಗ ಹಿಂದೆ ನಿಂತಿದ್ದ ಮಹಾಲಿಂಗಪ್ಪ ಅಂಗಿಯ ತೋಳು ಮಡಚುತ್ತ ಬಂದರು. “ನಂದು ತಗೋ ತಮ್ಮಾ. ಆಕಿನ್ನ ಬಿಡು. ಎಲ್ಲಾರ ಹಿಂದ ನಾನ ಇದ್ದೇನಿ. ನನ್ನ ಹಿಂದ ಯಾರೂ ಇಲ್ಲ. ಚುಚ್ಚು.”

ಗುತ್ತೆವ್ವ ಕಂಪೌಂಡರನನ್ನು ಕೇಳಿದಳು: “ಈ ಸೂಜಿ ಇಲ್ಲಿಂದ ಎಲ್ಲಿಗೆ ಹೊಂಟೈತಿ?”

“ಬರೋ ತಿಂಗಳ ಹಂಸಭಾವಿ ಕಡೆ ಕ್ಯಾಂಪ್ ಐತ್ರಿ.”

“ಕೇಳಿದ್ಯಾ ಮಾಲಿಂಗಣ್ಣಾ? ನಿನ್ನ ಹಿಂದ ಹಂಸಭಾವಿ ನಿಂತೈತಿ.”

ಮಹಾಲಿಂಗಪ್ಪ ಮಡಚಿದ ತೋಳನ್ನು ಹಾಗೇ ಹಿಡಿದುಕೊಂಡು ಸೂಜಿಯತ್ತ ನೋಡಿದರು. ಆಮೇಲೆ, “ಹಂಗಾರ ನನ್ನ ಮುಂದೂ ಯಾರರ ನಿಂತಿರಬೇಕಲ್ಲಬೇ. ಯಾವುದರ ಹಳೇ ಸೂಜಿ ನನಗೂ ತಂದು ಕೊಟ್ಟಿರಬೇಕು…” ಎಂದರು. ಮೂರು ವರ್ಷದಲ್ಲಿ ಆ ಮನುಷ್ಯ ತಲೆ ಎತ್ತಿ ಆಡಿದ ಮೊದಲ ಮಾತು ಅದು. ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಕಂಪೌಂಡರ ಇಬ್ಬರ ಹೆಸರಿನ ಮುಂದೂ ‘ಅಸಹಕಾರ’ ಎಂದು ಬರೆದುಕೊಂಡ. ಅವನು ಎರಡು ವರ್ಷದಿಂದ ಹೊಸ ಸೂಜಿ ಕೇಳುತ್ತಿದ್ದಾನೆ ಎಂಬುದನ್ನೂ ದಾಖಲಿಸಿಕೊಳ್ಳಿ. ಅವನ ಮೇಲೆ ನನ್ನ ದೂರಿಲ್ಲ.

ದೂರು ನಿಮ್ಮ ಮೇಲೆ. ಸೂಜಿಯಿಂದ ರೋಗ ಬರುತ್ತದೆಂದು ಮೈಕಿನಲ್ಲಿ ಹೇಳಲು ಬರುವವರಿಗೆ ಅದೇ ಮಾತನ್ನು ತಮ್ಮ ಉಗ್ರಾಣದವನಿಗೆ ಹೇಳಲು ಬರುವುದಿಲ್ಲವೇ? ಗಿಡಕ್ಕೆ ಕಾವಲು ಒದಗಿಸಬಲ್ಲ ಸರಕಾರಕ್ಕೆ ಸ್ಟೋವಿಗೆ ಸೀಮೆಎಣ್ಣೆ ಒದಗಿಸಲಾಗದೇ? ಹುಬ್ಬಳ್ಳಿಯ ಡಾಕ್ಟರರು ನನ್ನ ರಕ್ತ ಪರೀಕ್ಷಿಸಿ, ಆ ಕಾಮಣಿ ನನ್ನನ್ನು ಬಿಟ್ಟುಹೋಗಿದೆ ಎಂದಿದ್ದಾರೆ. ನನಗೆ ಸಿಕ್ಕ ಆ ಒಂದು ಮಾತು ಮಹಾಲಿಂಗಪ್ಪನಿಗೆ ಯಾಕೆ ಸಿಗಬಾರದು? ಅದು ಅವರ ರಕ್ತದಲ್ಲಿದೆಯೋ ಇಲ್ಲವೋ ತಿಳಿದರೆ ಅವರ ಹೆಂಡತಿ ಸಾವಂತ್ರವ್ವನನ್ನು ಪರೀಕ್ಷಿಸಬಹುದು, ಬೇಕಾದರೆ ಲಸಿಕೆ ಹಾಕಿಸಬಹುದು. ಅವರು ತಪ್ಪಿತಸ್ಥರೆಂದು ಹೇಳಲು ಪರೀಕ್ಷೆ ಬೇಡ. ಅವರು ಜೋಪಾನವಾಗಿರಲು ಬೇಕು.

ಆದ್ದರಿಂದ ಸೋಮವಾರದೊಳಗೆ ಎರಡು ಹೊಸ ಸೂಜಿ, ಎರಡು ಹೊಸ ಸಿರಿಂಜು, ಪೊಟ್ಟಣ ಒಡೆಯದೆ ಕಳಿಸಿ. ನಾವೇ ಒಡೆಯುತ್ತೇವೆ. ಹಳೆಯದನ್ನು ಕಂಪೌಂಡರನ ಕೈಯಿಂದ ನೀವೇ ಇಸಿದುಕೊಂಡು ಮುರಿಯಿರಿ. ಹಂಸಭಾವಿಯವರಿಗೆ ಆಮೇಲೆ ಇಂಜೆಕ್ಷನ್ ಮಾಡಿಸಿ. ಹುಸೇನಸಾಬನನ್ನು ಮನೆಗೆ ಕಳಿಸಿ, ಅವನ ಹೆಂಡತಿ ಕಾಯುತ್ತಿದ್ದಾಳೆ.

ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಅಲ್ಲಿ ಓದುವವರಿಗೆ ಕಾಣಲಾರದು, ಆದರೆ ನಿಮಗೆ ಅಂಚೆಯಲ್ಲಿ ಕಳಿಸಿದ ಪ್ರತಿಯ ಹಾಳೆಗಳಿಗೆ ನಾನೂ ಒಂದು ಜಾಲಿ ಮುಳ್ಳು ಚುಚ್ಚಿದ್ದೇನೆ. ಹೊಸದು. ಹುಸೇನಸಾಬ ಆಕಡೆ ನೋಡುತ್ತಿದ್ದಾಗ ಮುರಿದದ್ದು. ಪತ್ರ ಓದಿದ ಮೇಲೆ ಅದನ್ನು ಕಿತ್ತು ಬೇರೆ ಕಡತಕ್ಕೆ ಚುಚ್ಚಬೇಡಿ. ಸುಟ್ಟುಬಿಡಿ. ಅಭ್ಯಾಸ ಅಲ್ಲಿಂದಲಾದರೂ ಶುರುವಾಗಲಿ.

ಇಂತಿ,
ಸಾಲಿನಲ್ಲಿ ಮಹಾಲಿಂಗಪ್ಪನ ಹಿಂದೆ ನಾಲ್ಕನೆಯವನಾಗಿ ನಿಂತಿದ್ದು, ಈಗ ಬೇಕೆಂದೇ ರೇಷನ್ ಅಂಗಡಿಯಲ್ಲಿ ಪ್ರತಿ ಸಲ ಅವರ ಹಿಂದೆ ನಿಲ್ಲುತ್ತಿರುವ
ಶಿದ್ಲಿಂಗಪ್ಪ
ಆಡೂರಿನಿಂದ ಮೂರು ಮೈಲಿ, ಜಾಲಿ ಗಿಡ ಕೇಳಿದರೆ ಪೊಲೀಸರೇ ದಾರಿ ತೋರಿಸುತ್ತಾರೆ
ನವೆಂಬರ್ ೧೯೮೮